ದೂರುಗಳಿಗೆ ಜಾಗವಿಲ್ಲ

ಚೊಕ್ಕಣ್ಣನಿಗೆ ಕಲಸುಮೇಲೋಗರ ಎಂದರೆ ಆಗದು. ಚೊಕ್ಕಣ್ಣ ಎಂಬ ಅಡ್ಡಹೆಸರೇ ಅದರಿಂದ ಬಂದದ್ದು. ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತ ಅವನು. ಬಂದ ಒಂದೊಂದು ದೂರಿಗೂ ಕಂಪ್ಯೂಟರಿನಲ್ಲಿ ಒಂದೊಂದು ಬೇರೆ ಫೈಲು. ಒಳಗೆ ಒಂದು ವಿಳಾಸ, ಕೆಳಗೆ ‘ಮಾನ್ಯರೇ, ನೀರು ಬಂದಿಲ್ಲ’. ಒಂದು ವರ್ಷದಲ್ಲಿ ಇಂಥ ಇಪ್ಪತ್ಮೂರು ಸಾವಿರ ಫೈಲುಗಳಾದವು.

ಒಂದು ಬೆಳಿಗ್ಗೆ ಬಂದ ದೂರನ್ನು ಮಾತ್ರ ಕಂಪ್ಯೂಟರು ಒಳಗೆ ಸೇರಿಸಲಿಲ್ಲ. ಅದರ ಹಳೇ ಕಾಲದ ಪುಟ್ಟ ಡಿಸ್ಕಿನಲ್ಲಿ ಜಾಗವಿಲ್ಲವಂತೆ. ಅಂದೇ ನಾಲ್ಕು ಗಂಟೆಗೆ ವರ್ಷದ ವರದಿ ಆಗಬೇಕಿತ್ತು; ಜಾಗವಿಲ್ಲದೆ ಅದೂ ಆಗದು. ಸಾಹೇಬರು ಬಂದು, ಗೋಡೆ ನೋಡುತ್ತಾ ಮೆತ್ತಗೆ ಹೇಳಿದರು: "ವರದಿ ಆಗ್ಲಿಲ್ಲ ಅಂದ್ರೆ ಈ ಕುರ್ಚೀಲಿ ಬೇರೆಯವ್ರು ಕೂರ್ತಾರೆ. ನೀವು ಪೈಪು ನೋಡ್ಕೊಂಡು ಬೀದಿ ಸುತ್ತಿ."

ಚೊಕ್ಕಣ್ಣನಿಗೆ ಮಂಡಿನೋವು. ಆ ಕುರ್ಚಿಯೇ ಅವನ ಪ್ರಾಣ.

ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕನಿಗೆ ಕೇಳದೆ ಸಲಹೆ ಕೊಡುವ ಚಪಲ. ಮಾತು ಕಡಿಮೆಯಾದರೆ ಜಾಗ ತಾನಾಗಿ ಆಗುತ್ತದೆ ಎಂದಳು. ಚೊಕ್ಕಣ್ಣ ನಾನೂರು ಫೈಲುಗಳಿಂದ ‘ಮಾನ್ಯರೇ’ ಕಿತ್ತುಹಾಕಿದ. ಮರ್ಯಾದೆ ಹೋಯಿತೇ ಹೊರತು ಸಾಸಿವೆಯಷ್ಟು ಜಾಗ ಬರಲಿಲ್ಲ.

"ಕಂಪ್ಯೂಟರಿಗೂ ನಿನ್ನ ಹಾಗೇ ಹಟ ಕಣೋ ತಮ್ಮಾ," ಎಂದು ಅಕ್ಕ ಊಟಕ್ಕೆ ಎದ್ದಳು.

ಕೊನೆಗೆ ಚೊಕ್ಕಣ್ಣ ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿದ. ಎಲ್ಲ ಕೇಳಿ ಅವನು ನಕ್ಕ.

"ಲಾಡ್ಜಲ್ಲಿ ಒಬ್ಬನೇ ಇಳ್ಕೊಂಡ್ರೂ ರೂಮು ಪೂರ್ತಿ ಅವನದೇ ಅಲ್ವಾ ಸಾರ್? ಡಿಸ್ಕೂ ಹಾಗೇ, ಬರೀ ರೂಮುಗಳು. ಫೈಲು ಎಷ್ಟೇ ಪುಟ್ಟದಿರ್ಲಿ, ಒಂದು ಇಡೀ ರೂಮು ಹಿಡಿಯುತ್ತೆ. ಮಿಕ್ಕಿದ್ದು ಖಾಲಿ ಇದ್ರೂ ಇನ್ನೊಬ್ಬನ್ನ ಒಳಗೆ ಬಿಡಲ್ಲ. ನಿಮ್ದು ಇಪ್ಪತ್ಮೂರು ಸಾವಿರ ಸೊಳ್ಳೆಗೆ ಇಪ್ಪತ್ಮೂರು ಸಾವಿರ ರೂಮು."

ಎಲ್ಲವನ್ನೂ ಒಂದೇ ಫೈಲಿಗೆ ಸೇರಿಸಿ, ಬಿಡಿಬಿಡಿ ಫೈಲುಗಳನ್ನು ಅಳಿಸಿ ಎಂದು, ಒಂದೇ ಏಟಿಗೆ ಅದಾಗುವ ದಾರಿ ಹೇಳಿಕೊಟ್ಟ. ಚೊಕ್ಕಣ್ಣ ಮನಸ್ಸು ಗಟ್ಟಿಮಾಡಿಕೊಂಡು ಹಾಗೇ ಮಾಡಿದ. ಮೇಲಿನ ಬೀದಿಯ ದೂರು, ಕೆಳಗಿನ ಬೀದಿಯ ದೂರು ಎಲ್ಲ ಒಂದೇ ಚಾಪೆಯ ಮೇಲೆ ಮಲಗಿದವು. ಡಿಸ್ಕು ಪರೀಕ್ಷೆ ಮುಗಿದ ಶಾಲೆಯಂತೆ ಬಣಗುಟ್ಟಿತು. ಚೊಕ್ಕಣ್ಣ ಸಿಳ್ಳೆ ಹಾಕಿದ. ಅಕ್ಕ ಅದು ತನ್ನ ಸಲಹೆಯ ಫಲವೆಂದು ಮೂರು ಮೇಜುಗಳಿಗೆ ಹೇಳಿ ಬಂದಳು.

ವರದಿಯನ್ನು ಕಂಪ್ಯೂಟರೇ ಮಾಡುತ್ತದೆ. ಇರುವ ಫೈಲುಗಳನ್ನು ಎಣಿಸುವುದು, ಅಷ್ಟು ದೂರು ಎಂದು ಬರೆಯುವುದು. ಚೊಕ್ಕಣ್ಣ ಗುಂಡಿ ಒತ್ತಿದ, ಬಿಸಿ ಕಾಗದವನ್ನು ಓದದೇ ಸಾಹೇಬರ ಕೋಣೆಗೆ ಓಡಿದ.

ಸಾಹೇಬರು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಆಮೇಲೆ ಎದ್ದು ನಿಂತು ಅವನ ಕೈ ಹಿಡಿದರು.

"ಇಡೀ ವರ್ಷಕ್ಕೆ ಒಂದೇ ದೂರು."

ಚೊಕ್ಕಣ್ಣ ಕಾಗದಕ್ಕೆ ಕೈ ಚಾಚಿದ. "ಸಾರ್, ಅದು ಒಂದಲ್ಲ..."

"ಕಂಪ್ಯೂಟರು ಸುಳ್ಳು ಹೇಳುತ್ತೇನ್ರೀ? ವಿನಯ ಸಾಕು." ಕಾಗದ ಅಷ್ಟರಲ್ಲೇ ಮೇಲಿನವರಿಗೆ ಹೋಗುವ ಲಕೋಟೆ ಸೇರಿತ್ತು. "ಒಂದು ದೂರಿಗೆ ಗುಮಾಸ್ತ ಯಾಕೆ, ಕುರ್ಚಿ ಯಾಕೆ? ನಾಳೆ ನೀವೇ ಹೋಗಿ ಅದೊಂದನ್ನೂ ಬಗೆಹರಿಸಿಬಿಡಿ. ಎಷ್ಟು ಹೊತ್ತಿನ ಕೆಲ್ಸ?"

ಚೊಕ್ಕಣ್ಣ ಮರಳಿ ಬಂದು, ವಿಳಾಸಕ್ಕೆಂದು ಆ ಒಂದು ದೂರನ್ನು ಪ್ರಿಂಟಿಗೆ ಹಾಕಿದ. ಕಾಗದದ ಕಟ್ಟು ಮುಗಿಯಿತು. ಅಕ್ಕ ಇನ್ನೊಂದು ಕಟ್ಟು ತಂದುಕೊಟ್ಟಳು.

ಇನ್ನೂ ಮೊದಲನೆಯ ಬೀದಿಯೇ ಮುಗಿದಿರಲಿಲ್ಲ.