ಎಡಗಾಲಿನ ಬಿಳಿ ಲೇಸ್

ಶನಿವಾರ ಬೆಳಿಗ್ಗೆ ಬಾಗಿಲ ಸಂದಿಯಿಂದ ಬಿದ್ದ ಲಕೋಟೆಯಲ್ಲಿ ಬೂಟಿನ ಬಿಳಿ ಲೇಸ್ ಒಂದೇ ಒಂದು ಇತ್ತು. ಹೆಸರಿಲ್ಲ, ಚೀಟಿಯಿಲ್ಲ. ಕೀತ್ ಹಾವು ಮೆಟ್ಟಿದವನಂತೆ ಹಾರಿದ.

ಹಾರದೆ ಏನು ಮಾಡಿಯಾನು? ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಬೋಳುತಲೆ, ದಪ್ಪ ಬೂಟಿನ ಹುಡುಗರದು ಎರಡು ಪಂಗಡ. ಬಿಳಿ ಲೇಸಿನವರು ‘ಕರಿಯರು ದೇಶ ಬಿಡಲಿ’ ಎನ್ನುವವರು. ಕೀತನದೂ ಅದೇ ಬೋಳುತಲೆ, ಅದೇ ಬೂಟು. ಆದರೆ ಅವನು ಇನ್ನೊಂದು ಪಂಗಡದವನು; ಲೇಸ್ ಕಪ್ಪು, ಎದೆಯ ಮೇಲೆ ಕಪ್ಪುಬಿಳುಪಿನ ಚೌಕಳಿ ಬ್ಯಾಡ್ಜು. ಶನಿವಾರ ಮಧ್ಯಾಹ್ನ ಕರಿಯರೂ ಬಿಳಿಯರೂ ಜೊತೆಯಾಗಿ ಜಮೈಕಾದ ಸ್ಕಾ ಹಾಡಿಗೆ ಕುಣಿಯುವ ಹಾಲ್‌ನ ಮುಂದೆ ‘ಬಿಳಿ ಲೇಸಿಗೆ ಪ್ರವೇಶವಿಲ್ಲ’ ಎಂದು ಬೋರ್ಡು ಬರೆದವನೂ ಅವನೇ.

ಬರೆದದ್ದು ಅರ್ಧ ಧ್ಯೇಯಕ್ಕೆ, ಅರ್ಧ ಡೋರೀನ್‌ಗೆ. ಜಮೈಕಾದವರ ಮಗಳು, ಆ ಹಾಲಿನಲ್ಲಿ ಟ್ರಂಪೆಟ್ ಊದುತ್ತಿದ್ದಳು. ಕೀತ್ ಮೂರು ತಿಂಗಳಿಂದ ಮುಂದಿನ ಸಾಲಿನಲ್ಲಿ ನಿಂತು ಹಂಬಲಿಸಿದ್ದೇ ಬಂತು. “ಚೆನ್ನಾಗಿತ್ತು” ಎಂಬುದರಾಚೆ ನಾಲಗೆ ಹೊರಳಿರಲಿಲ್ಲ. ಇವತ್ತು ಟೀಗೆ ಕರೆದೇಬಿಡಬೇಕೆಂದಿದ್ದ.

ಬೇಲಿಯಾಚೆಯಿಂದ ಪಕ್ಕದ ಮನೆಯ ಮಿಸೆಸ್ ಪೆಗ್ ಇಣುಕಿದಳು. “ಅಯ್ಯೋ, ಅವ್ರು ನಿನ್ನ ಗುಂಪಿಗೆ ಕರೀತಿದಾರೆ ಮಗಾ! ಸುಟ್ಟಾಕು!” ಎಂದು ಬೆಂಕಿಪೆಟ್ಟಿಗೆಯನ್ನೂ ಕೊಟ್ಟಳು. ಲೇಸಿನ ಜೊತೆ ಕೀತನ ಅರ್ಧ ಹುಬ್ಬೂ ಹೋಯಿತು.

ಹಾಲ್‌ನ ಹಿಂಬಾಗಿಲಲ್ಲಿ ಮಧ್ಯಾಹ್ನ ಡೋರೀನ್ ನಿಂತಿದ್ದಳು. ಅವಳ ಒಂದು ಬೂಟಿನಲ್ಲಿ ಕಪ್ಪು ಲೇಸ್, ಇನ್ನೊಂದರಲ್ಲಿ ಬಿಳಿ. ಅವಳು ಅವನ ಕಾಲು ನೋಡಿದಳು. ಎರಡೂ ಕಪ್ಪು.

“ಇಷ್ಟ ಇಲ್ಲ ಅಂತ ಬಾಯಲ್ಲೇ ಹೇಳ್ಬಹುದಿತ್ತು.”

“ಅದು... ನೀನು ಕಳಿಸಿದ್ದಾ?”

“ಬಿಳಿ ಬಣ್ಣ ಏನು ಅವರಪ್ಪನ ಆಸ್ತಿನಾ? ಒಂದು ಕಪ್ಪು, ಒಂದು ಬಿಳಿ, ನಮ್ಮಿಬ್ಬರ ಹಾಗೆ ಅಂದ್ಕೊಂಡೆ. ಎಲ್ಲಿ ಅದು?”

“ಸುಟ್ಟೆ,” ಎಂದ ಕೀತ್. ಸುಳ್ಳು ಹೇಳಲು ಬಂದಿದ್ದರೆ ಚೆನ್ನಾಗಿತ್ತು.

ಅವಳ ಕಣ್ಣು ತುಂಬಿತು. ಬಾಗಿಲು ಮುಚ್ಚಿತು.

ಕೀತ್ ಮಾರುಕಟ್ಟೆಗೆ ಓಡಿದ, ಬಿಳಿ ಲೇಸ್ ಕೊಂಡ, ಎಡಗಾಲಿಗೆ ಕಟ್ಟಿದ, ಏದುಸಿರು ಬಿಡುತ್ತ ಮುಂಬಾಗಿಲಿಗೆ ಬಂದ. ಬಾಗಿಲು ಕಾಯುವ ಕಾರ್ಲ್‌ಟನ್ ಅಡ್ಡ ನಿಂತ.

“ಏನೋ ಇದು? ಒಂದೇ ಕಾಲಿಗೆ ಬುದ್ಧಿ ಕೆಟ್ಟಿದ್ಯಾ?”

“ಅಣ್ಣಾ, ಡೋರೀನ್‌ನ ಕೇಳು!”

“ಸ್ಟೇಜ್ ಮೇಲಿದಾಳೆ. ಬೋರ್ಡ್ ಓದು.”

ಓದುವುದೇನು, ತನ್ನದೇ ದುಂಡಕ್ಷರ. ‘ಯಾರೇ ಆಗಲಿ, ಯಾವ ನೆಪಕ್ಕೂ’ ಎಂದು ಕೆಳಗೆ ಕೆಂಪು ಬಣ್ಣದಲ್ಲಿ ಸೇರಿಸಿದವನೂ ತಾನೇ.

ಒಳಗೆ ಟ್ರಂಪೆಟ್ ಎದ್ದಿತು. ಅಷ್ಟು ಚೆನ್ನಾಗಿ ಅವಳು ಎಂದೂ ಊದಿರಲಿಲ್ಲ. ಮುಂದಿನ ಸಾಲಿನಲ್ಲಿ ತನ್ನ ಜಾಗ ಖಾಲಿಯಿರುವುದನ್ನು ಅವಳು ನೋಡಿರುತ್ತಾಳೆ. ಕೀತ್ ಗೋಡೆಗೆ ಒರಗಿ ನಿಂತು, ತಾಳ ತಪ್ಪದಂತೆ ಎಡಗಾಲು ಕುಣಿಸಿದ.