ಇಪ್ಪತ್ತೆರಡು ಗೃಹಿಣಿಯರು ಮತ್ತು ಒಂದು ಉಲ್ಲೇಖ

ಸಂಶೋಧನಾ ಲೇಖನ ಬರೆಯುವ ನನ್ನಂಥ ಕಾಲೇಜು ಮಾಸ್ತರರಿಗೆ ಒಳಗೊಳಗೇ ಒಂದು ಧೈರ್ಯವಿರುತ್ತದೆ. ಇದನ್ನು ಯಾರೂ ಓದುವುದಿಲ್ಲ ಎಂಬುದೇ ಆ ಧೈರ್ಯ. ಸಂಪಾದಕರು ಶೀರ್ಷಿಕೆ ನೋಡುತ್ತಾರೆ, ಪ್ರಾಚಾರ್ಯರು ಸಂಖ್ಯೆ ನೋಡುತ್ತಾರೆ, ಹೆಂಡತಿ ಕಪಾಟಿನಲ್ಲಿ ಅದು ಹಿಡಿದಿರುವ ಜಾಗ ನೋಡುತ್ತಾಳೆ. ಒಳಗೇನಿದೆ ಎಂದು ನೋಡುವವರು ಇಲ್ಲ. ರೋಣದ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ಮಾರ್ಕೆಟಿಂಗ್ ಪಾಠ ಹೇಳುತ್ತಿರುವ ನಾನು ಈ ಧೈರ್ಯದ ಮೇಲೆಯೇ ನಾಲ್ಕು ಲೇಖನ ಬರೆದೆ. ನಮ್ಮ ಬರಹವನ್ನು ಬೇರೆ ಸಂಶೋಧಕರು ತಮ್ಮ ಬರಹದಲ್ಲಿ ಹೆಸರಿಸಿದರೆ ಅದಕ್ಕೆ ಉಲ್ಲೇಖ ಎನ್ನುತ್ತಾರೆ. ಅಂಥ ಉಲ್ಲೇಖಗಳನ್ನು ಎಣಿಸಿ, ಈತನಿಂದ ಲೋಕದ ಮೇಲೆ ಇಷ್ಟು ಪ್ರಭಾವವಾಗಿದೆ ಎಂದು ತೋರಿಸುವ ಜಾಲತಾಣಗಳೂ ಇವೆ. ನನ್ನ ಹೆಸರಿನ ಮುಂದೆ ಅಲ್ಲಿ ಒಂದು ದುಂಡಗಿನ ಸೊನ್ನೆ ಇತ್ತು. ನಾನೂ ಆ ಸೊನ್ನೆಯೂ ಒಬ್ಬರಿಗೊಬ್ಬರು ತೊಂದರೆ ಕೊಡದೆ ಬಹಳ ವರ್ಷ ಬಾಳಿದೆವು.

ಕಾಲೇಜಿನ ಗುಣಮಟ್ಟ ನೋಡಲು ಪರಿಶೀಲನಾ ಸಮಿತಿ ಬರುತ್ತದೆ ಎಂಬ ಸುದ್ದಿ ಬಂದಾಗ ನಮ್ಮ ಪ್ರಾಚಾರ್ಯರಾದ ಪಾಟೀಲರು ಎಲ್ಲರ ಲೇಖನ, ಎಲ್ಲರ ಉಲ್ಲೇಖ ತೆಗೆಸಿ ನೋಡಿದರು. ಆ ಸಂಜೆ ಅವರೇ ಸ್ಟಾಫ್ ರೂಮಿಗೆ ಬಂದು ನನ್ನ ಕೈ ಹಿಡಿದು ಕುಲುಕಿದರು. "ನೋಡ್ರಿ ಸರ, ನಿಮಗೊಂದು ಸೈಟೇಶನ್ ಬಂದೈತಿ. ಹೊರರಾಜ್ಯದಾಗ ನಿಮ್ಮ ಹೆಸರು ಓಡ್ಯಾಡಾಕತ್ತೈತಿ. ನಮ್ಮ ಕಾಮರ್ಸ್ ವಿಭಾಗಕ್ಕ ಇದ ಮೊದಲನೇದ್ದು" ಎಂದರು. ಮರುದಿನ ಬೆಳಿಗ್ಗೆ ಪ್ರವೇಶದ್ವಾರದ ಹಲಗೆಯ ಮೇಲೆ ನನ್ನ ಹೆಸರು, ಅದರ ಮುಂದೆ ಬಿಳಿ ಬಣ್ಣದಲ್ಲಿ 'ಉಲ್ಲೇಖ: ೧' ಎಂದು ಬರೆಸಿಯೂ ಆಗಿತ್ತು. ನಾನು ಅದರ ಎದುರು ಎರಡು ಸಲ ಕಾರಣವಿಲ್ಲದೆ ಹಾದುಹೋದೆ.

ಮೂರನೆಯ ಸಲ ಹಾದುಹೋಗುವಾಗ, ಅಷ್ಟಕ್ಕೂ ನನ್ನ ಬಗ್ಗೆ ಏನು ಬರೆದಿದ್ದಾರೆ ಎಂಬ ಕುತೂಹಲ ಹುಟ್ಟಿತು. ಆ ಲೇಖನ ಹುಡುಕಿ ತೆಗೆದೆ. ದೂರದ ರಾಜ್ಯದ ಒಬ್ಬ ಸಂಶೋಧಕಿ ಬರೆದದ್ದು. ವಿಷಯ, ಸಣ್ಣ ಊರುಗಳ ಗ್ರಾಹಕ ಸಮೀಕ್ಷೆಗಳಲ್ಲಿ ಕಾಣುವ ದೋಷಗಳು. ನನ್ನ ಹೆಸರು ಆರನೆಯ ಪುಟದಲ್ಲಿತ್ತು. ಗಜೇಂದ್ರಗಡದ ಸಂತೆಯಲ್ಲಿ ಒಣಮೆಣಸಿನಕಾಯಿ ಕೊಳ್ಳುವ ಅರವತ್ತು ಗೃಹಿಣಿಯರನ್ನು ಈ ಲೇಖಕರು ಮಾತಾಡಿಸಿದ್ದಾರೆ, ಆದರೆ ಅವರೇ ಕೊಟ್ಟಿರುವ ಕೋಷ್ಟಕದಲ್ಲಿ ಕೊನೆಯ ಇಪ್ಪತ್ತೆರಡು ಗೃಹಿಣಿಯರು ಹದಿನೈದು ಪ್ರಶ್ನೆಗಳಿಗೂ ಒಂದೇ ಉತ್ತರ ಕೊಟ್ಟಿದ್ದಾರೆ, ಇಪ್ಪತ್ತೆರಡು ಮಂದಿಯೂ ಒಂದೇ ಬಾಯಿಯಿಂದ ಮಾತಾಡಿದಂತಿದೆ ಎಂದು ಆಕೆ ಬರೆದಿದ್ದರು. ಆ ಕೋಷ್ಟಕವನ್ನು ಪುಟ ತುಂಬಲೆಂದು ನಾನೇ ಕೊನೆಯಲ್ಲಿ ಸೇರಿಸಿದ್ದೆ.

ಆ ಬಾಯಿ ಯಾರದು ಎಂದು ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅದು ನನ್ನ ಹೆಂಡತಿ ಶಾರದೆಯ ಬಾಯಿ. ಆ ವರ್ಷ ಪ್ರಶ್ನಾವಳಿ ಹಿಡಿದು ಗಜೇಂದ್ರಗಡದ ಸಂತೆಗೆ ಹೋಗಿದ್ದು ನಿಜ, ಮೂವತ್ತೆಂಟು ಹೆಂಗಸರನ್ನು ಮಾತಾಡಿಸಿದ್ದೂ ನಿಜ. ಅಷ್ಟರಲ್ಲಿ ಮೆಣಸಿನಕಾಯಿ ಮಾರುವ ರಾಜೂರಿನ ಗಂಗವ್ವ ಎಂಬಾಕೆ, "ಸರ, ಸ್ವಲ್ಪ ಬಾಜೂಕ ಸರೀರಿ. ಗಿರಾಕಿಗೆ ನನ್ನ ಕಾಯಿ ಕಾಣವಲ್ದು" ಎಂದಳು. ಸುತ್ತಲಿನ ನಾಲ್ಕು ಮಂದಿ ನಕ್ಕರು. ಗ್ರಾಹಕನ ಮನೋಧರ್ಮದ ಬಗ್ಗೆ ಗಂಟೆಗಟ್ಟಲೆ ಪಾಠ ಮಾಡುವ ನಾನು, ನಾಲ್ಕು ಗ್ರಾಹಕರು ನಕ್ಕದ್ದಕ್ಕೆ ನಾಚಿ ಬಸ್ಸು ಹತ್ತಿ ಮನೆಗೆ ಬಂದುಬಿಟ್ಟೆ. ಲೇಖನ ಕಳಿಸಲು ಮೂರೇ ದಿನ ಉಳಿದಿತ್ತು. ಶಾರದೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು. ನಾನು ನಡುಮನೆಯಿಂದ ಪ್ರಶ್ನೆ ಓದಿದೆ, ಆಕೆ ಅಲ್ಲಿಂದಲೇ ಉತ್ತರ ಹೇಳಿದಳು. ಅವನ್ನೇ ಇಪ್ಪತ್ತೆರಡು ಹಾಳೆಗಳ ಮೇಲೆ ಬರೆದೆ. ಹೆಸರುಗಳನ್ನು ಒಂದು ಮದುವೆಯಲ್ಲಿ ಉಡುಗೊರೆ ಕೊಟ್ಟವರ ಆಹೇರಿ ಪಟ್ಟಿಯಿಂದ ತೆಗೆದುಕೊಂಡೆ.

ಸಮಿತಿ ಬರಲು ಹತ್ತು ದಿನಗಳಿದ್ದವು. ಆ ಹತ್ತು ದಿನಗಳಲ್ಲಿ ನನ್ನ ಪಾಡು ಹೀಗಿತ್ತು: ಯಾರ ಫೋನು ಬಂದರೂ ಅದು ಆ ಸಂಶೋಧಕಿಯದೇ ಅನ್ನಿಸುತ್ತಿತ್ತು. ಹಿಂದಿನ ಬೆಂಚಿನ ಹುಡುಗಿಯರು ಕಿಸಕ್ಕೆಂದರೆ ಆರನೆಯ ಪುಟ ಓದಿಯೇ ನಗುತ್ತಿದ್ದಾರೆ ಎಂದು ತಿಳಿಯುತ್ತಿದ್ದೆ. ಪ್ರಾಚಾರ್ಯರು ಎದುರಾದರೆ ಗ್ರಂಥಾಲಯಕ್ಕೆ ನುಗ್ಗುತ್ತಿದ್ದೆ, ಅದರಿಂದ ನನ್ನ ಅಧ್ಯಯನಶೀಲತೆಯ ಬಗ್ಗೆ ಅವರ ಗೌರವ ಇನ್ನೂ ಹೆಚ್ಚಿತು. ಹಲಗೆಯ ಮೇಲಿನ ಆ 'ಒಂದು' ಈಗ ಕಟಕಟೆಯಲ್ಲಿ ನಿಂತ ಆರೋಪಿಯಂತೆ ಕಾಣುತ್ತಿತ್ತು. ಎದೆ ಹೊಡೆದುಕೊಳ್ಳುತ್ತಿದೆ ಎಂದು ದವಾಖಾನೆಗೆ ಹೋದರೆ ಡಾಕ್ಟರರು ಬಿ.ಪಿ. ನೋಡಿ, "ಏನರ ಟೆನ್ಶನ್ ಐತೇನ್ರಿ?" ಎಂದರು. "ಪ್ರಸಿದ್ಧಿ ಬಂದೈತ್ರಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಗುಳಿಗೆ ಬರೆದುಕೊಟ್ಟರು.

ನಾಲ್ಕನೆಯ ದಿನ ಊಟಕ್ಕೆ ಕುಳಿತು ರೊಟ್ಟಿ ಮುರಿಯದೆ ನೋಡುತ್ತಿದ್ದಾಗ ಶಾರದೆ ಬಿಡಲಿಲ್ಲ. ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸುಳ್ಳು ಹೇಳುವ ಮುಖಗಳನ್ನು ದಿನಕ್ಕೆ ನಲವತ್ತು ನೋಡುವವಳು. ಎಲ್ಲವನ್ನೂ ಹೇಳಿಬಿಟ್ಟೆ. ಆಕೆ ಬೈಯಬಹುದು ಎಂದುಕೊಂಡಿದ್ದೆ. ಬೈಯಲಿಲ್ಲ, ತಾಟು ಸರಿಸಿ ಕುಳಿತಳು. ನನಗೆ ಇನ್ನಷ್ಟು ಭಯವಾಯಿತು.

"ಅವತ್ತು ನಾ ನನ್ನೊಬ್ಬಾಕಿ ಸಲುವಾಗಿ ಹೇಳಿದ್ದೆ. ಇಪ್ಪತ್ತೆರಡು ಮಂದಿ ಸಲುವಾಗಿ ಹೇಳಿರಲಿಲ್ಲ. ನಮ್ಮ ಸಾಲಿ ಹುಡುಗ್ರು ಬಾಜೂದವರ ಪಾಟಿ ನೋಡಿ ಬರದ್ರ ನಾ ಏನ್ ಮಾಡತೀನಿ, ಗೊತ್ತೈತೇನು?"

"ಏನ್ ಮಾಡತಿ?"

"ಅಳಿಸಿ ಮತ್ತ ಬರಿಯಂತೀನಿ. ನೀವು ಕೇಳದ ಬಿಟ್ಟ ಇಪ್ಪತ್ತೆರಡು ಮಂದಿ ಇನ್ನೂ ಸಂತ್ಯಾಗ ಕಾಯಿ ತೊಗೊಳಾಕತ್ತಾರ. ಹೋಗಿ ಕೇಳ್ರಿ."

ಮುಂದಿನ ಸಂತೆಯ ದಿನ ರಜೆ ಹಾಕಿ ಇಬ್ಬರೂ ಗಜೇಂದ್ರಗಡದ ಬಸ್ಸು ಹತ್ತಿದೆವು. ಗಂಗವ್ವ ಅದೇ ಜಾಗದಲ್ಲಿ, ಕೆಂಪಗೆ ಗುಡ್ಡೆ ಹಾಕಿದ ಮೆಣಸಿನಕಾಯಿಯ ಹಿಂದೆ ಕುಳಿತಿದ್ದಳು. ನನ್ನನ್ನು ನೋಡಿದ ಕೂಡಲೇ, "ಬರ್ರಿ ಸರ. ಆವತ್ತು ನಾ ಸರೀರಿ ಅಂದ್ರ ನೀವು ಊರಿಗೇ ಹೋಗಿಬಿಟ್ರಿ. ನಾ ಅಂದಿದ್ದು ಒಂದು ಗೇಣು" ಎಂದಳು. ಆಕೆಗೆ ನೆನಪಿರುವುದು ಕಂಡು ನಾನು ಒಂದು ಗೇಣು ಹಿಂದೆ ಸರಿದೆ. ಶಾರದೆ ಮಾತ್ರ ಚೀಲ ಹಾಸಿಕೊಂಡು ಆಕೆಯ ಪಕ್ಕದಲ್ಲೇ ಕುಳಿತಳು, ನನಗೂ ಕುಳಿತುಕೊಳ್ಳಲು ಕಣ್ಸನ್ನೆ ಮಾಡಿದಳು. ನಿಂತು ಪ್ರಶ್ನೆ ಕೇಳುವವನಿಗೆ ಯಾರೂ ಉತ್ತರ ಹೇಳುವುದಿಲ್ಲ, ಕುಳಿತವನಿಗೆ ಕೇಳದಿದ್ದರೂ ಹೇಳುತ್ತಾರೆ ಎಂಬುದು ಇಪ್ಪತ್ತು ವರ್ಷ ಸಮೀಕ್ಷೆಯ ವಿಧಾನಗಳನ್ನು ಕಲಿಸಿದ ನನಗೆ ಅಲ್ಲಿ ತಿಳಿಯಿತು.

ಹಳೆಯ ಲೇಖನದಲ್ಲಿ, ಶಾರದೆಯ ಉತ್ತರಗಳ ಬಲದ ಮೇಲೆ, ಗೃಹಿಣಿಯರು ಪೊಟ್ಟಣದ ಮೇಲಿನ ಕಂಪನಿಯ ಹೆಸರು ನೋಡಿ ಕೊಳ್ಳುತ್ತಾರೆ ಎಂದು ನಾನು ತೀರ್ಮಾನಿಸಿದ್ದೆ. ಇಲ್ಲಿ ಬಂದವರೆಲ್ಲ ತೊಟ್ಟು ಮುರಿದು ನೋಡುತ್ತಿದ್ದರು, ಮೂಸುತ್ತಿದ್ದರು, ಅಂಗೈಗೆ ತಿಕ್ಕಿ ಬಣ್ಣ ನೋಡುತ್ತಿದ್ದರು. ಬಹಳಷ್ಟು ಮಂದಿ ಹೇಳಿದ ಕಾರಣವಂತೂ ನನ್ನ ಹದಿನೈದು ಪ್ರಶ್ನೆಗಳಲ್ಲಿ ಇರಲೇ ಇಲ್ಲ. "ಗಂಗವ್ವ ಹಳೇ ಕಾಯಿ ಇದ್ರ ಹಳೇದಂತ ಹೇಳತಾಳ್ರಿ" ಎಂದು ಒಬ್ಬಾಕೆ ಹೇಳಿದಳು. ನಾನು ಗಂಗವ್ವನ ಕಡೆ ತಿರುಗಿ, ಹಾಗೆ ಹೇಳಿದರೆ ವ್ಯಾಪಾರಕ್ಕೆ ಪೆಟ್ಟಲ್ಲವೇ ಎಂದು ಕೇಳಿದೆ.

"ಹ್ಯಾಂಗ್ರಿ ಸರ, ಸಾರು ಉಣ್ಣೂಮುಂದ ಗೊತ್ತಾಗ ಮಾತು ಇಲ್ಲಿ ಮುಚ್ಚಿಟ್ಟು ಏನ್ ಮಾಡ್ಲಿ? ನಾ ಹೇಳಲಿಲ್ಲಂದ್ರ ಕಾಯಿನ ಹೇಳತೈತಿ" ಎಂದು ಆಕೆ ತಕ್ಕಡಿ ಎತ್ತಿದಳು. ನಾನು ಹಾಳೆಯ ಮೇಲೆ ತಲೆ ಬಗ್ಗಿಸಿ ಬರೆದುಕೊಂಡೆ. ಕಣ್ಣಲ್ಲಿ ನೀರು ಬಂದದ್ದು ಮೆಣಸಿನಕಾಯಿಯ ಘಾಟಿಗೆ ಎಂದು ಶಾರದೆಗೆ ಹೇಳಿದೆ.

ಇಪ್ಪತ್ತೆರಡು ಹೊಸ ಹಾಳೆಗಳೊಂದಿಗೆ ಪ್ರಾಚಾರ್ಯರ ಕೋಣೆಗೆ ಹೋಗಿ ನಿಜ ಹೇಳಿದಾಗ ಅವರು ಮೊದಲು ಎದ್ದು ಬಾಗಿಲು ಹಾಕಿದರು. ಆಮೇಲೆ ಬಹಳ ಹೊತ್ತು ಪೇಪರ್‌ವೇಟ್ ತಿರುಗಿಸಿದರು. "ಸರ, ಸಮಿತಿ ಹೋಗೋತನಕ ತಡೀರಿ. ಅವ್ರು ಕೇಳಿದ್ರಷ್ಟ ಹೇಳೋಣಂತ" ಎಂದರು. ನಾನು ಹೂಂ ಎಂದೆ. ನಿಜ ಹೇಳಬೇಕೆಂದರೆ, ಅವರು ಕೇಳದೇ ಇರಲಿ ಎಂದು ಮನೆಯಲ್ಲಿ ದೇವರಿಗೆ ತುಪ್ಪದ ದೀಪವನ್ನೂ ಹಚ್ಚಿದೆ.

ಅವರು ಕೇಳಿದರು. ಸಮಿತಿಯಲ್ಲಿ ಮೂವರಿದ್ದರು. ನಡುವೆ ಕುಳಿತ ಹಿರಿಯ ಪ್ರಾಧ್ಯಾಪಕಿ ಕನ್ನಡಕ ಸರಿಪಡಿಸಿಕೊಂಡು, "ನಿಮ್ಮದೊಂದು ಉಲ್ಲೇಖವಿದೆಯಂತೆ. ಅದರಲ್ಲಿ ನಿಮ್ಮ ಕೆಲಸದ ಬಗ್ಗೆ ಏನು ಹೇಳಿದ್ದಾರೆ?" ಎಂದು ಬಹಳ ಸೌಮ್ಯವಾಗಿ ಕೇಳಿದರು. ಪಾಟೀಲರು ನನ್ನ ಕಡೆ ನೋಡಿದ ನೋಟದಲ್ಲಿ ಇಡೀ ಕಾಲೇಜು ಕೈಮುಗಿದು ನಿಂತಿತ್ತು. ಲೋಟದ ನೀರು ಕುಡಿಯಲು ಹೋಗಿ ಟೈ ಮೇಲೆ ಚೆಲ್ಲಿಕೊಂಡೆ. ಯಾವ ಕ್ಷಣದಲ್ಲಿ ಬಾಯಿ ತೆರೆದೆನೋ ತಿಳಿಯದು. "ನಾನು ಸುಳ್ಳು ಬರೆದಿದ್ದೇನೆ ಎಂದಿದ್ದಾರೆ ಮೇಡಂ. ಅವರು ಹೇಳಿದ್ದು ಖರೆ" ಎಂಬ ಮಾತು ನನ್ನದೇ ದನಿಯಲ್ಲಿ ಕೇಳಿಸಿತು.

ನಡೆದದ್ದನ್ನೆಲ್ಲ ಹೇಳಿ, ಸಂತೆಯಲ್ಲಿ ಮತ್ತೆ ಕೇಳಿ ತಂದ ಹಾಳೆಗಳನ್ನು ಮುಂದೆ ಹಿಡಿದೆ. ನೌಕರಿ ಹೋಗುತ್ತದೆ, ಪತ್ರಿಕೆಯಲ್ಲಿ ಬರುತ್ತದೆ, ಶಾರದೆಯ ಶಾಲೆಯ ಮಕ್ಕಳು ಓದುತ್ತಾರೆ ಎಂಬಲ್ಲಿಗೆ ನನ್ನ ಯೋಚನೆ ಓಡಿತ್ತು. ಪ್ರಾಧ್ಯಾಪಕಿ ಕೈ ಚಾಚಿ ಹೊಸ ಹಾಳೆಗಳನ್ನು ಇಸಿದುಕೊಂಡರು. ಒಂದರ ಮೇಲೆ ಮೆಣಸಿನಕಾಯಿಯ ಕೆಂಪು ಬೆರಳಚ್ಚು ಮೂಡಿತ್ತು. ಅದನ್ನು ಕಂಡು, "ಇವರನ್ನು ಖಂಡಿತ ಮಾತಾಡಿಸಿದ್ದೀರಿ" ಎಂದರು. ಆಮೇಲೆ ಅರ್ಧ ಗಂಟೆ ಗಂಗವ್ವನ ಬಗ್ಗೆಯೇ ಕೇಳಿದರು. ಕೊನೆಗೆ, ಲೇಖನ ಪ್ರಕಟಿಸಿದ ಪತ್ರಿಕೆಗೆ ತಪ್ಪೊಪ್ಪಿಗೆ ಕಳಿಸಿ, ತಿದ್ದುಪಡಿ ಪ್ರಕಟಿಸಿ, ಅಲ್ಲಿಯವರೆಗೆ ಈ ಲೇಖನವನ್ನು ಪಟ್ಟಿಯಿಂದ ತೆಗೆಯಿರಿ ಎಂದು ಬರೆದುಕೊಟ್ಟರು. ಕಾಲೇಜಿಗೆ ಲಿಖಿತ ಎಚ್ಚರಿಕೆ ಬಂತು, ನನ್ನ ಒಂದು ವರ್ಷದ ವೇತನ ಬಡ್ತಿ ನಿಂತಿತು. ಹಲಗೆಯ ಮೇಲಿನ 'ಒಂದು' ಅಳಿಸಲು ಹೋದ ಕಾಲೇಜಿನ ಸಿಪಾಯಿ ನನ್ನ ಹೆಸರಿನ ಅರ್ಧವನ್ನೂ ಅಳಿಸಿದ. ನಾನು ತಕರಾರು ಮಾಡಲಿಲ್ಲ.

ತಿದ್ದುಪಡಿ ಪ್ರಕಟವಾಯಿತು. ಎರಡು ಪುಟ, ನನ್ನ ಬದುಕಿನಲ್ಲಿ ಪುಟ ತುಂಬಿಸಲು ಏನೂ ಸೇರಿಸದೆ ಬರೆದ ಮೊದಲ ಬರಹ. ಆ ದೂರದ ಸಂಶೋಧಕಿಗೂ ಒಂದು ಪ್ರತಿ ಕಳಿಸಿ, ಹೆದರುತ್ತಲೇ ಕಾದೆ. ಆಕೆ ಧನ್ಯವಾದ ಹೇಳಿ ಉತ್ತರ ಬರೆದರು, ಮುಂದಿನ ಲೇಖನದಲ್ಲಿ ಅದನ್ನು ಉಲ್ಲೇಖಿಸಿದರು. ಆಕೆಯನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಸಮೀಕ್ಷೆಯಲ್ಲಿ ತಪ್ಪಿ ತಾವೇ ಒಪ್ಪಿಕೊಂಡವರು ಅಪರೂಪವಂತೆ, ಹಾಗಾಗಿ ಉದಾಹರಣೆಗೆ ನಾನೇ ಬೇಕಾಯಿತು. ಈಗ ನನ್ನ ಹೆಸರಿನ ಮುಂದೆ ಒಂಬತ್ತಿದೆ. ಮೊನ್ನೆ ಪಾಟೀಲರು ಸಿಬ್ಬಂದಿ ಸಭೆಯಲ್ಲಿ ನನ್ನ ಕಿವಿಯ ಹತ್ತಿರ ಬಾಗಿ, "ಸರ, ಹಿಂತಾದ್ದು ಮತ್ತೊಂದು ತಪ್ಪು ಐತೇನ್ರಿ ನಿಮ್ಮಲ್ಲೆ?" ಎಂದು ಗಂಭೀರವಾಗಿಯೇ ಕೇಳಿದರು.

ಇದೆ ಎಂಬುದೇ ನನ್ನ ಈಗಿನ ಭಯ. ಹೆಸರು ಬಂದಮೇಲೆ ಜನ ನನ್ನ ಉಳಿದ ಮೂರು ಲೇಖನಗಳನ್ನೂ ಹುಡುಕಿ ಓದತೊಡಗಿದ್ದಾರೆ. ಅವುಗಳಲ್ಲೊಂದು ನರಗುಂದದ ಉಳ್ಳಾಗಡ್ಡಿ ವ್ಯಾಪಾರದ ಕುರಿತದ್ದು. ಬರುವ ಭಾನುವಾರ ಖಾಲಿ ಹಾಳೆಗಳ ಕಟ್ಟು ಹಿಡಿದು ನರಗುಂದಕ್ಕೆ ಹೋಗೋಣ ಎಂದಾಗ ಶಾರದೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದ್ರಾಗೂ ನನ್ನ ಕಡಿಂದನ ಹೇಳಿಸೀರೇನು?" ಎಂದು ಕೇಳಿದಳು.

"ಇಲ್ಲ" ಎಂದೆ. "ಆ ವರ್ಷ ದೀಪಾವಳಿಗೆ ನಿಮ್ಮ ತವರಮನ್ಯಾಗಿದ್ವಿ. ನಿಮ್ಮವ್ವನ್ನ ಕೇಳಿದ್ದೆ."

ಶಾರದೆ ಚೀಲ ಕೆಳಗಿಟ್ಟಳು. ನಮ್ಮ ಅತ್ತೆಗೆ ಇದನ್ನು ಯಾರು ಹೇಳಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಪರಿಶೀಲನಾ ಸಮಿತಿಯ ಮೂವರನ್ನಾದರೂ ಎದುರಿಸಬಹುದು, ಅತ್ತೆಯೊಬ್ಬರನ್ನು ಕಷ್ಟ.