ಹನ್ನೊಂದನೇ ಪ್ರಶ್ನೆ

ನಮ್ಮ ಆಸ್ಪತ್ರೆಯ ಸಿಸ್ಟರುಗಳಿಗೆ ಬಿ.ಪಿ. ಮಾತ್ರೆಯ ಬಗ್ಗೆ ನೂರಕ್ಕೆ ನೂರು ತಿಳುವಳಿಕೆ ಇದೆ. ಇದು ಪರೀಕ್ಷೆಯಿಂದ ಸಿದ್ಧವಾದ ಸಂಗತಿ. ಸರ್ಟಿಫಿಕೇಟನ್ನು ಬಾಗಿಲ ಮೇಲೆ ಮೊಳೆ ಹೊಡೆದು ಹಾಕಿದ್ದಾರೆ. ಆಸ್ಪತ್ರೆ ಅಂಕೋಲೆಯ ಕಡೆಯದು. ಹೆಸರು ಬೇಡ.

ಹೋದ ವರ್ಷ ಪರೀಕ್ಷೆ ನಡೆದ ದಿನ ನನ್ನ ಹೆಂಡತಿ ಕಾಮಿ ಅಲ್ಲೇ ಹೆಂಗಸರ ವಾರ್ಡಿನಲ್ಲಿದ್ದಳು. ಬಿ.ಪಿ. ಜಾಸ್ತಿ ಅಂತ ಭಾವಿಕೇರಿಯಿಂದ ತಂದು ಮಲಗಿಸಿದ್ದೆ. ಬೆಳಗಿನ ಮಾತ್ರೆ ಆದ ಮೇಲೆ ತಲೆ ತಿರುಗ್ತದೆ ಅಂದಳು.

ಜಯಶ್ರೀ ಸಿಸ್ಟರ್ ನಾಡಿ ಹಿಡಿದು ನೋಡಿದರು.

"ಬಿ.ಪಿ. ಇಳಿದಿರ್ಬೇಕು. ಅಳೆಯದೆ ಮಧ್ಯಾಹ್ನದ ಮಾತ್ರೆ ಕೊಡೂಕಾಗೂದಿಲ್ಲ, ನಾಗಣ್ಣ. ಯಂತ್ರ ತರ್ತೆ."

ಸರಿ ಇದ್ದ ಯಂತ್ರ ಒಂದೇ. ಅದು ಪರೀಕ್ಷೆಯ ಕೋಣೆಗೆ ಹೋಗಿತ್ತು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕುಂಕುಮ ಹಚ್ಚಿ, ಅಬ್ಬಲಿಗೆ ಹೂವಿನ ದಂಡೆ ಹಾಕಿ ಇಟ್ಟಿದ್ದರು. ಹಿಂದೆ ಗೋಡೆಯ ಮೇಲೆ ಪ್ರಕಟಣೆ: "ಅಳತೆಯಿಲ್ಲದೆ ಮಾತ್ರೆಯಿಲ್ಲ."

ನಾನು ಸಿಸ್ಟರ್ ಹಿಂದೆಯೇ ಹೋದೆ. ಕಾರವಾರದಿಂದ ಬಂದಿದ್ದ ಪರೀಕ್ಷಾಧಿಕಾರಿ ಹೇರಂಬ ಸಾಹೇಬರು ಕನ್ನಡಕ ಏರಿಸಿದರು.

"ಎಂತದು?"

"ಒಂದು ಪೇಶೆಂಟಿಗೆ ಬಿ.ಪಿ. ನೋಡ್ಬೇಕು ಸರ್."

"ಅದನ್ನೇ ಬರೀರಿ. ಮೂರನೇ ಪ್ರಶ್ನೆ."

"ಬರೆಯೂಕಲ್ಲ ಸರ್, ನೋಡೂಕೆ. ಹೆಂಗಸು ವಾರ್ಡಲ್ಲಿ ಅದೆ."

"ಫಲಿತಾಂಶ ಬರುವವರೆಗೆ ಯಂತ್ರವು ಪರೀಕ್ಷೆಯ ಆಸ್ತಿ. ನಿಯಮ ಏಳು. ಪೂಜೆ ಬೇರೆ ಆಗಿದೆ. ಕೂತ್ಕೊಳ್ಳಿ."

ಸಿಸ್ಟರ್ ಕೂರಲಿಲ್ಲ. ಯಂತ್ರಕ್ಕೆ ಕೈ ಹಾಕಿದರು. ಇಬ್ಬರು ಬಂದು ಹಿಡಿದುಕೊಂಡರು. ಕಚೇರಿಯಲ್ಲಿ ಕೂರಿಸಿ ವಿವರಣೆ ಬರೆಸಿದರು. ಮೂರು ಪ್ರತಿ.

ವಾರ್ಡಿಗೆ ಬಂದು ಕಾಮಿಗೆ ಹೇಳಿದೆ.

"ಯಂತ್ರಕ್ಕೆ ಅಬ್ಬಲಿಗೆ ಮುಡಿಸಿದ್ರನಾ?" ನಕ್ಕಳು. "ನಾ ಮದುವೆಲಿ ಮುಡಿದದ್ದೇ ಕಡೆ."

"ಸಂಜಿಗೆ ತರ್ತೆ" ಅಂದೆ.

ಹನ್ನೆರಡಕ್ಕೆ ಆಯಾ ಬೊಮ್ಮಕ್ಕ ಮಾತ್ರೆ ತಂದಳು. ಉಳಿದ ಸಿಸ್ಟರುಗಳೆಲ್ಲ ಬರೆಯುತ್ತಿದ್ದರು.

"ಅಳೆಯದೆ ಬೇಡ ಅಂದಿದ್ರು ಸಿಸ್ಟರು" ಅಂದೆ.

"ಚೀಟಿಲಿ ಹನ್ನೆರಡು ಅಂತ ಬರ್ದದೆ ಮಾರಾಯ. ಇವತ್ತೇ ಹೊತ್ತು ತಪ್ಪಿಸಿದ್ರೆ ಸಾಹೇಬ್ರು ನನ್ನ ಬಿಡ್ತಾರಾ?"

ನಾನು ಮೂರನೇ ಇಯತ್ತೆ ಓದಿದವ. ಚೀಟಿಯಲ್ಲಿ ಬರೆದಿದೆ ಅಂದ ಮೇಲೆ ನೀರು ತಂದು ಕೊಟ್ಟೆ.

ಕಾಮಿ ನುಂಗಿದಳು. ಸುಮಾರು ಹೊತ್ತಿನ ಮೇಲೆ ಎದ್ದು ನಿಂತಳು. ಬಿದ್ದಳು. ತಲೆ ಮಂಚದ ಕಬ್ಬಿಣಕ್ಕೆ ಬಡಿಯಿತು.

ಸಂಜೆಗೆ ಅಬ್ಬಲಿಗೆ ತಂದೆ. ಮುಖದ ಮೇಲಿನ ಬಿಳಿ ಬಟ್ಟೆ ಸರಿಸಿ ಮುಡಿಸಿದೆ.

ವಿಚಾರಣೆ ಆಯಿತು. ಮಾತ್ರೆಯನ್ನು ಸಮಯಕ್ಕೆ ಸರಿಯಾಗಿ ಕೊಡಲಾಗಿದೆ ಎಂದು ದಾಖಲಾಯಿತು. ಪರೀಕ್ಷೆಗೆ ಕೂತವರೆಲ್ಲ ಪಾಸು. ಜಯಶ್ರೀ ಸಿಸ್ಟರ್ ಕೂರದ ಕಾರಣ ಅವರಿಗೆ ತಿಳುವಳಿಕೆ ಇಲ್ಲವೆಂದು ತೀರ್ಮಾನಿಸಿ, ವಾರ್ಡಿನಿಂದ ತೆಗೆದು, ಯಂತ್ರ ಕಾಯುವ ಕೆಲಸಕ್ಕೆ ಹಾಕಿದರು.

ಈ ವರ್ಷ ಪರೀಕ್ಷೆಯ ದೀಪ ಹಚ್ಚಲು ನನ್ನನ್ನು ಕರೆದರು. ಪ್ರಶ್ನೆಪತ್ರಿಕೆಯಲ್ಲಿ ಕಾಮಿ ಇದ್ದಾಳೆ. ಹನ್ನೊಂದನೇ ಪ್ರಶ್ನೆ: "ಬೆಳಗಿನ ಮಾತ್ರೆಯ ನಂತರ ಒಬ್ಬ ಹೆಂಗಸಿಗೆ ತಲೆ ತಿರುಗುತ್ತದೆ. ಮುಂದಿನ ಮಾತ್ರೆಗೆ ಮೊದಲು ದಾದಿಯ ಕರ್ತವ್ಯವೇನು?" ಐದು ಅಂಕ.

"ನಿಮ್ಮ ಮನೆಯವರಿಂದ ಬಹಳ ಉಪಕಾರ ಆಯ್ತು" ಎಂದು ಸಾಹೇಬರು ಕೈ ಕುಲುಕಿದರು.

ಎಲ್ಲರೂ ತಲೆ ಬಗ್ಗಿಸಿ ಸರಿಯಾದ ಉತ್ತರ ಬರೆಯತೊಡಗಿದರು. ನನಗೆ ತಲೆ ತಿರುಗಿತು. ಈಗ ನನಗೂ ಅದೇ ಮಾತ್ರೆ. ಮೇಜು ಹಿಡಿದು ನಿಂತೆ. ಯಂತ್ರದ ಪಕ್ಕ ಕೂತಿದ್ದ ಜಯಶ್ರೀ ಸಿಸ್ಟರ್ ಎದ್ದು ನಾಡಿ ಹಿಡಿದರು. ಯಂತ್ರದ ಕಡೆ ನೋಡಿದರು. ಕೈ ಬಿಟ್ಟರು.

"ಫಲಿತಾಂಶ ಬರ್ಲಿ, ನಾಗಣ್ಣ."

"ಅಡ್ಡಿಲ್ಲ" ಅಂದೆ.

ಯಂತ್ರದ ಮೇಲಿನ ಅಬ್ಬಲಿಗೆ ದಂಡೆ ಸ್ವಲ್ಪ ಜಾರಿತ್ತು. ಸರಿ ಮಾಡಿದೆ.